ಯಾವ ಡ್ರಾಮಾ ಸೀರೀಸ್ ನೋಡಬೇಕು, ಯಾವುದನ್ನು ಕೊಂಡು ಇಟ್ಟುಕೊಳ್ಳಬೇಕು: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಯಾರೋ ಹೊಗಳಿದರು, ಟ್ರೇಲರ್ ಚೆನ್ನಾಗಿತ್ತು, ಡಿಸ್ಕೌಂಟ್ ಬೇರೆ ಇತ್ತು. ಇಡೀ ಸೀರೀಸಿನ ಬಾಕ್ಸ್ ಸೆಟ್, ಅಂದರೆ ಎಲ್ಲಾ ಸೀಸನ್ನಿನ ಡಿಸ್ಕ್ ಇರುವ ಡಬ್ಬ, ಮನೆಗೆ ಬಂತು. ಎರಡನೇ ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಆಸಕ್ತಿ ಹೋಯಿತು, ಡಬ್ಬ ಕಪಾಟು ಸೇರಿತು, ಸ್ವಲ್ಪ ದಿನಕ್ಕೆ ಇನ್ನೊಂದು ಡಬ್ಬ ಬಂತು. ನನಗೆ ಗೊತ್ತಿರುವವರಲ್ಲೇ ಹೀಗೆ ಸಿಕ್ಕಿಕೊಂಡವರು ತುಂಬಾ ಜನ. ಅವರ ಅಭಿರುಚಿ ಸರಿಯಾಗಿಯೇ ಇದೆ, ತಪ್ಪಿರುವುದು ಕೆಲಸದ ಕ್ರಮ. ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ ಬರಬೇಕು. ಅವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಚಿಕ್ಕ ನೋಟ್‌ಬುಕ್, ಅಥವಾ ಫೋನಿನಲ್ಲಿ ಒಂದು ಟಿಪ್ಪಣಿ. ಸೀರೀಸಿನ ಎಪಿಸೋಡ್ ಪಟ್ಟಿ: ಪ್ರತಿ ಎಪಿಸೋಡನ್ನು ಬರೆದವರು ಯಾರು, ಎಷ್ಟು ನಿಮಿಷ ಅನ್ನುವುದು ಅದರಲ್ಲಿರಬೇಕು. ಮೊದಲ ಕೆಲವು ಎಪಿಸೋಡ್ ಕೊಳ್ಳದೆ ನೋಡುವ ಒಂದು ದಾರಿ: ಒಂದು ತಿಂಗಳ ಸಬ್‌ಸ್ಕ್ರಿಪ್ಷನ್, ಲೈಬ್ರರಿ ಅಥವಾ ಗೆಳೆಯರ ಡಿಸ್ಕ್. ಡಿಸ್ಕ್ ಕೊಳ್ಳುವ ಯೋಚನೆ ಇದ್ದರೆ ನಿಮ್ಮ ಪ್ಲೇಯರಿನ ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. ಅದು ಸಾಮಾನ್ಯವಾಗಿ ಪ್ಲೇಯರಿನ ಹಿಂಭಾಗದಲ್ಲಿ ಅಥವಾ ಅಡಿಯಲ್ಲಿರುತ್ತದೆ, ಕೊನೆಯ ಹಂತಗಳಲ್ಲಿ ಬೇಕಾಗುತ್ತದೆ.

## ಹಂತ 1: ಗಂಟೆಗಳ ಲೆಕ್ಕ ಹಾಕಿ

ಸೀಸನ್ ಎಷ್ಟು ಅಂತ ನೋಡಬೇಡಿ, ಗಂಟೆ ಎಷ್ಟು ಅಂತ ನೋಡಿ. ಜಾಹೀರಾತಿನ ಜೊತೆ ಒಂದು ಗಂಟೆ ಓಡುತ್ತಿದ್ದ ಅಮೆರಿಕದ ಹಳೆಯ ಚಾನೆಲ್ ಸೀರೀಸ್‌ಗಳಲ್ಲಿ ಒಂದು ಎಪಿಸೋಡ್ ನಿಜವಾಗಿ ಇರುವುದು ಸುಮಾರು 43 ನಿಮಿಷ, ಒಂದು ಸೀಸನ್ನಿಗೆ ಸುಮಾರು 22 ಎಪಿಸೋಡ್. ಅಂದರೆ ಒಂದು ಸೀಸನ್ನಿಗೇ ಹತ್ತಿರ ಹತ್ತಿರ 16 ಗಂಟೆ. ‘ದ ವೈರ್’ 5 ಸೀಸನ್, 60 ಎಪಿಸೋಡ್, ಒಂದೊಂದೂ ಸುಮಾರು ಒಂದು ಗಂಟೆ. ವಾರಕ್ಕೆ 6 ಗಂಟೆ ಬಿಡುವು ಇರುವವರಿಗೆ ಅದು 10 ವಾರ. ‘ಚೆರ್ನೋಬಿಲ್’ ಬರೀ 5 ಎಪಿಸೋಡ್, ಅದೇ ಬಿಡುವಿನಲ್ಲಿ ಒಂದೇ ವಾರದಲ್ಲಿ ಮುಗಿಯುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ರಜೆಯಲ್ಲಿ ಸಿಗುವ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದು. ಹೋದ ವಾರ ನಿಜವಾಗಿ ಎಷ್ಟು ಗಂಟೆ ಕೂತು ನೋಡಿದಿರೋ ಅದನ್ನೇ ಹಿಡಿಯಿರಿ. ಮೂರು ತಿಂಗಳಿಗಿಂತ ಜಾಸ್ತಿ ಬಂದರೆ ಆ ಸೀರೀಸ್ ನಿಮಗೆ ತುಂಬಾ ಹಿಡಿಸಿರಲೇಬೇಕು, ಸುಮಾರಾಗಿದೆ ಅನ್ನಿಸಿದರೆ ಸಾಲದು.

## ಹಂತ 2: ಯಾವ ಜಾತಿಯದು ಅಂತ ಗುರುತಿಸಿ

ಮೂರು ಬಗೆ ಇವೆ. ಒಂದೇ ಸೀಸನ್ನಿನಲ್ಲಿ ಕಥೆ ಮುಗಿಯುವುದು ಮೊದಲನೆಯದು. ಎಪಿಸೋಡಿನಿಂದ ಎಪಿಸೋಡಿಗೆ ಒಂದೇ ಕಥೆ ಹರಿಯುತ್ತಾ ಹಲವು ಸೀಸನ್ ನಡೆಯುವುದು ಎರಡನೆಯದು. ಪ್ರತಿ ಎಪಿಸೋಡಿಗೂ ಒಂದು ಹೊಸ ಕೇಸ್, ಹೊಸ ರೋಗಿ, ಹೊಸ ತನಿಖೆ ಬಂದು ಅಲ್ಲೇ ಮುಗಿಯುವುದು ಮೂರನೆಯದು.

ಇದು ಯಾಕೆ ಮುಖ್ಯ ಅಂದರೆ ಮುಂದಿನ ಎಲ್ಲ ಪರೀಕ್ಷೆಗಳೂ ಇದರ ಮೇಲೆ ನಿಂತಿವೆ. ಎರಡನೇ ಬಗೆಯದರಲ್ಲಿ ಕೊನೆ ಕೆಟ್ಟರೆ ಹಿಂದೆ ನೋಡಿದ್ದೂ ಕಹಿಯಾಗುತ್ತದೆ. ಮೂರನೇ ಬಗೆಯದರಲ್ಲಿ ಕೊನೆ ಹೇಗಿದ್ದರೂ ನಡುವಿನ ಒಳ್ಳೆಯ ಎಪಿಸೋಡ್‌ಗಳು ಹಾಗೇ ಉಳಿಯುತ್ತವೆ. ಪೂರ್ತಿ ಸೆಟ್ ಬಿಟ್ಟು ಒಂದೆರಡು ಒಳ್ಳೆಯ ಸೀಸನ್ ಮಾತ್ರ ಕೊಂಡರೂ ನಷ್ಟವಿಲ್ಲ.

## ಹಂತ 3: ಕಥೆ ಮುಗಿದಿದೆಯೋ, ನಿಂತುಹೋಗಿದೆಯೋ ತಿಳಿದುಕೊಳ್ಳಿ

ಇದನ್ನು ಬಿಟ್ಟವರೇ ಹೆಚ್ಚು ಕೊರಗುವುದು. ‘ಡೆಡ್‌ವುಡ್’ 3 ಸೀಸನ್, 36 ಎಪಿಸೋಡ್ ಆಗಿ 2006ರಲ್ಲಿ ನಿಂತಿತು. ಕಥೆಗೆ ಮುಕ್ತಾಯ ಕೊಡುವ ಸಿನಿಮಾ ಬಂದದ್ದು 2019ರಲ್ಲಿ. ಬರೀ ಮೂರು ಸೀಸನ್ನಿನ ಡಬ್ಬ ಕೊಂಡರೆ ಆ ಮುಕ್ತಾಯ ನಿಮ್ಮ ಕೈಗೆ ಬರುವುದಿಲ್ಲ. ‘ವೆಸ್ಟ್‌ವರ್ಲ್ಡ್’ ನಾಲ್ಕನೇ ಸೀಸನ್ ಆದಮೇಲೆ 2022ರಲ್ಲಿ ರದ್ದಾಯಿತು.

ಸ್ಪಾಯ್ಲರ್ ಭಯ, ಅಂದರೆ ಕಥೆಯ ಗುಟ್ಟು ಮೊದಲೇ ಗೊತ್ತಾಗಿಬಿಡುವ ಭಯ ಇದ್ದರೆ ಹೀಗೆ ಮಾಡಿ. ಕೊನೆಯ ಎಪಿಸೋಡಿನ ಕಥಾಸಾರ ಓದಬೇಡಿ. ಆ ಸೀರೀಸನ್ನು ಪೂರ್ತಿ ನೋಡಿದ ಒಬ್ಬರಿಗೆ ಎರಡೇ ಪ್ರಶ್ನೆ ಕೇಳಿ: ಕಥೆ ಮುಗಿಯುತ್ತದಾ? ಯಾವ ಸೀಸನ್ನಿಗೆ ನಿಲ್ಲಿಸಿದರೆ ಸಮಾಧಾನ ಇರುತ್ತದೆ? ಇಷ್ಟು ಗೊತ್ತಾದರೆ ಸಾಕು, ಕಥೆಯ ಗುಟ್ಟು ಯಾವುದೂ ಹೊರಗೆ ಬರುವುದಿಲ್ಲ.

ಇನ್ನೊಂದು ಕೆಲಸ ಇದೆ. ಎಪಿಸೋಡ್ ಪಟ್ಟಿಯಲ್ಲಿ ಬರೆದವರ ಹೆಸರಿನ ಮೇಲೆ ಬೆರಳಿಟ್ಟು ಕೆಳಗೆ ಇಳಿಯಿರಿ. ಎಲ್ಲಿ ಹೆಸರುಗಳು ಒಮ್ಮೆಲೇ ಬದಲಾಗುತ್ತವೋ ಅಲ್ಲಿ ಒಂದು ಗೆರೆ ಎಳೆಯಿರಿ. ‘ದ ವೆಸ್ಟ್ ವಿಂಗ್’ ಸೀರೀಸನ್ನು ಕಟ್ಟಿದ ಆರನ್ ಸೋರ್ಕಿನ್ ನಾಲ್ಕನೇ ಸೀಸನ್ ಆದಮೇಲೆ 2003ರಲ್ಲಿ ಹೊರಗೆ ಹೋದರು, ಸೀರೀಸ್ ಇನ್ನೂ ಮೂರು ಸೀಸನ್ ನಡೆಯಿತು. ಮುಂದಿನದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಬೇರೆ ಕೈಯ ಬರವಣಿಗೆ, ಅದನ್ನು ಬೇರೆಯಾಗಿಯೇ ಅಳೆಯಬೇಕು. ಪಾತ್ರಧಾರಿ ಬದಲಾದದ್ದು ಎಲ್ಲರಿಗೂ ಕಾಣುತ್ತದೆ, ಬರೆಯುವವರು ಬದಲಾದದ್ದು ಯಾರಿಗೂ ಕಾಣುವುದಿಲ್ಲ, ಅಲ್ವಾ?

## ಹಂತ 4: ರೇಟಿಂಗ್ ಮತ್ತು ವಿಮರ್ಶೆ ಓದುವ ರೀತಿ

ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ವೆಬ್‌ಸೈಟಿನಲ್ಲಿ 95 ಪರ್ಸೆಂಟ್ ಅಂತ ಇದ್ದರೆ ಸೀರೀಸಿಗೆ 100ಕ್ಕೆ 95 ಅಂಕ ಸಿಕ್ಕಿದೆ ಅಂತಲ್ಲ. ವಿಮರ್ಶಕರಲ್ಲಿ 95 ಪರ್ಸೆಂಟ್ ಜನ ಒಟ್ಟಾರೆ ‘ಪರವಾಗಿಲ್ಲ’ ಅಥವಾ ಅದಕ್ಕಿಂತ ಮೇಲೆ ಅಂದಿದ್ದಾರೆ ಅಂತ ಅರ್ಥ. ಎಲ್ಲರಿಗೂ ಸುಮಾರಾಗಿ ಹಿಡಿಸಿದ ಸೀರೀಸಿಗೂ ಇಷ್ಟು ದೊಡ್ಡ ಸಂಖ್ಯೆ ಬರಬಹುದು.

ಎರಡನೆಯದಾಗಿ, ಹೊಸ ಸೀರೀಸಿನ ವಿಮರ್ಶೆ ಬರೆಯುವವರಿಗೆ ಎಷ್ಟೋ ಸಲ ಮೊದಲ ಕೆಲವು ಎಪಿಸೋಡ್ ಮಾತ್ರ ಮುಂಚಿತವಾಗಿ ಕೊಟ್ಟಿರುತ್ತಾರೆ. ವಿಮರ್ಶೆಯಲ್ಲಿ ಎಷ್ಟು ಎಪಿಸೋಡ್ ನೋಡಿ ಬರೆದದ್ದು ಅನ್ನುವ ಸಾಲನ್ನು ಹುಡುಕಿ. ಹತ್ತರಲ್ಲಿ ಮೂರು ನೋಡಿದವರ ಹೊಗಳಿಕೆಗೆ ಅಷ್ಟೇ ತೂಕ ಕೊಡಿ.

ಮೂರನೆಯದು ನನ್ನ ಲೆಕ್ಕದಲ್ಲಿ ಅತಿ ಮುಖ್ಯ. ಕೊನೆಯ ಸೀಸನ್‌ಗಳ ರೇಟಿಂಗ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಯಾಕೆಂದರೆ ಹಿಡಿಸದವರು ಆಗಲೇ ಬಿಟ್ಟು ಹೋಗಿರುತ್ತಾರೆ, ಅಂಕ ಕೊಡುವುದಕ್ಕೆ ಉಳಿದವರು ಅಭಿಮಾನಿಗಳು. ಹೀಗಿದ್ದೂ ರೇಟಿಂಗ್ ಕೆಳಗೆ ಇಳಿದಿದೆ ಅಂದರೆ ಅಲ್ಲಿ ನಿಜವಾಗಿಯೂ ಏನೋ ಕೆಟ್ಟಿದೆ. ಅದು ದೊಡ್ಡ ಎಚ್ಚರಿಕೆಯ ಗುರುತು. ಹತ್ತು ಸ್ಟಾರ್, ಒಂದು ಸ್ಟಾರ್ ಎರಡನ್ನೂ ಬಿಟ್ಟು ನಡುವಿನ ಸ್ಟಾರ್ ಕೊಟ್ಟವರ ಮಾತು ಓದಿ. ಅವರೇ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಅಂತ ಬಿಡಿಸಿ ಹೇಳುವುದು.

## ಹಂತ 5: ಮಾದರಿ ನೋಡಿ, ಆದರೆ ಸರಿಯಾದ ಎಪಿಸೋಡ್ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಎಪಿಸೋಡನ್ನು, ಅಂದರೆ ಪೈಲಟ್ ಅನ್ನು, ಎಷ್ಟೋ ಸಲ ಉಳಿದ ಸೀಸನ್ನಿಗಿಂತ ತಿಂಗಳುಗಟ್ಟಲೆ ಮೊದಲೇ ತೆಗೆದಿರುತ್ತಾರೆ. ಚಾನೆಲ್ಲಿಗೆ ಸೀರೀಸನ್ನು ಒಪ್ಪಿಸುವುದಕ್ಕೆ ಮಾಡಿದ್ದು ಅದು. ಖರ್ಚು ಜಾಸ್ತಿ, ಒಬ್ಬ ದೊಡ್ಡ ನಿರ್ದೇಶಕರು ಬಂದು ತೆಗೆದು ಹೋಗಿರಬಹುದು. ಇಲ್ಲದಿದ್ದರೆ ಉಲ್ಟಾ: ಹತ್ತು ಪಾತ್ರಗಳ ಪರಿಚಯ ಮಾಡುವ ಭಾರದಲ್ಲಿ ಉಸಿರು ಕಟ್ಟಿರುತ್ತದೆ. ಎರಡೂ ಕಡೆ ಪೈಲಟ್ ಸುಳ್ಳು ಹೇಳುತ್ತದೆ. ಅದನ್ನು ನೋಡಿ ಕೊಳ್ಳಲೂ ಬೇಡಿ, ಬಿಡಲೂ ಬೇಡಿ.

ಕಥೆ ಹರಿಯುವ ಸೀರೀಸ್ ಆದರೆ ಒಂದರಿಂದ ನಾಲ್ಕರವರೆಗೆ ನೋಡಿ. ನಾಲ್ಕನೆಯದು ಬಹಳಷ್ಟು ಸೀರೀಸ್‌ಗಳ ದಿನನಿತ್ಯದ ಮುಖ: ಪರಿಚಯದ ಗಡಿಬಿಡಿ ಮುಗಿದಿರುತ್ತದೆ, ದೊಡ್ಡ ತಿರುವು ಇನ್ನೂ ದೂರ ಇರುತ್ತದೆ. ಅಲ್ಲಿ ಕೂತು ನೋಡುವ ಹಾಗಿದ್ದರೆ ಉಳಿದದ್ದನ್ನೂ ನೋಡಬಹುದು. ಪ್ರತಿ ಎಪಿಸೋಡಿಗೂ ಹೊಸ ಕೇಸ್ ಬರುವ ಸೀರೀಸ್ ಆದರೆ ಪೈಲಟ್ ಬಿಟ್ಟು ಮೊದಲ ಸೀಸನ್ನಿನ ನಡುವಿನದೊಂದು, ಎರಡನೇ ಸೀಸನ್ನಿನದೊಂದು ನೋಡಿ. ಒಂದೇ ಸೀಸನ್ನಿನ ಕಥೆಗೆ ಎರಡು ಎಪಿಸೋಡ್ ಸಾಕು.

ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ‘ಫೈರ್‌ಫ್ಲೈ’ 2002ರಲ್ಲಿ ಪ್ರಸಾರ ಆದಾಗ ಎಪಿಸೋಡ್‌ಗಳನ್ನು ಹಿಂದೆ ಮುಂದೆ ಮಾಡಿ ತೋರಿಸಿದರು. ತೆಗೆದದ್ದು 14, ಆಗ ಪ್ರಸಾರ ಆದದ್ದು 11, ಶುರುವಿನಲ್ಲಿ ಬರಬೇಕಿದ್ದ ಪೈಲಟ್ ಕೊನೆಗೆ ಬಂತು. ಡಿವಿಡಿಯಲ್ಲಿ ಕ್ರಮ ಸರಿ ಮಾಡಿದ್ದಾರೆ. ಪ್ರಸಾರದ ತಾರೀಕು ಹಿಡಿದು ನೋಡಿದವರಿಗೆ ಈ ಸೀರೀಸ್ ಗೊಂದಲ ಅನ್ನಿಸಿದರೆ ಅದು ಅವರ ತಪ್ಪಲ್ಲ.

ಈಗ ನೋಡುವ ರೀತಿ. ಫೋನನ್ನು ಬೇರೆ ಕೋಣೆಯಲ್ಲಿ ಇಡಿ. ಎರಡು ಎಪಿಸೋಡ್ ಒಟ್ಟಿಗೆ ನೋಡಬೇಡಿ, ಮುಂದಿನದು ತಾನಾಗಿ ಶುರುವಾಗುವ ಸೆಟ್ಟಿಂಗನ್ನು ಆಫ್ ಮಾಡಿ. ಎಪಿಸೋಡ್ ಮುಗಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ: ನಾನು ಯಾಕೆ ಮುಂದಿನದು ನೋಡಬೇಕು ಅನ್ನಿಸುತ್ತಿದೆ? ‘ಕೊಲೆ ಮಾಡಿದ್ದು ಯಾರು ಗೊತ್ತಾಗಬೇಕು’ ಅಂತ ನಾಲ್ಕು ಸಲವೂ ಬಂದರೆ ಆ ಸೀರೀಸ್ ಒಂದು ಸಲ ನೋಡುವುದಕ್ಕೆ ಸರಿ, ಕೊಳ್ಳುವುದಕ್ಕೆ ಬೇಡ. ಉತ್ತರ ಗೊತ್ತಾದ ದಿನ ಅದರ ಕೆಲಸ ಮುಗಿಯಿತು. ‘ಅಣ್ಣ ತಂಗಿ ಮತ್ತೆ ಮಾತಾಡುತ್ತಾರಾ’, ‘ಆ ಹೆಂಗಸು ಕೆಲಸ ಬಿಡುತ್ತಾಳಾ’ ಅಂತ ಬಂದರೆ ನಿಮ್ಮನ್ನು ಹಿಡಿದಿರುವುದು ಮನುಷ್ಯರು. ಅಂಥದ್ದನ್ನು ಎರಡನೇ ಸಲವೂ ನೋಡುತ್ತೀರಿ.

ಇನ್ನೊಂದು ಪರೀಕ್ಷೆ ನಾನು ತಪ್ಪದೆ ಮಾಡುತ್ತೇನೆ. ಇಬ್ಬರು ಕೂತು ಮಾತಾಡುವ ಒಂದು ದೃಶ್ಯ ಹಿಡಿದು, ಮೊದಲು ಸ್ಕ್ರೀನಿಗೆ ಬೆನ್ನು ಹಾಕಿ ಬರೀ ಮಾತು ಕೇಳುತ್ತೇನೆ. ಆಮೇಲೆ ಅದೇ ದೃಶ್ಯವನ್ನು ಸೌಂಡ್ ತೆಗೆದು, ಸಬ್‌ಟೈಟಲ್ ಮುಚ್ಚಿ ನೋಡುತ್ತೇನೆ. ಒಮ್ಮೆ ಗಂಡ ಹೆಂಡತಿ ಊಟದ ಮೇಜಿನ ಎದುರು ಬದುರು ಕೂತ ದೃಶ್ಯ ಅದು. ಕೇಳುವಾಗ ಬರೀ ಕರೆಂಟ್ ಬಿಲ್ಲಿನ ಮಾತು. ಸೌಂಡ್ ಇಲ್ಲದೆ ನೋಡಿದಾಗ ಅವಳು ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಅವನಿಂದ ದೂರಕ್ಕೆ ಸರಿಸುತ್ತಿದ್ದಳು, ಅವನ ಕಣ್ಣು ಆ ತಟ್ಟೆಯ ಮೇಲೇ ಇತ್ತು. ಮಾತು ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಆ ಸೀರೀಸನ್ನು ನಾನು ಕೊಂಡೆ, ಇವತ್ತಿಗೂ ನನ್ನ ಹತ್ತಿರ ಇದೆ. ಇದಕ್ಕೆ ಬದಲಾಗಿ ‘ನಿನಗೆ ಗೊತ್ತೇ ಇದೆ, ನಮ್ಮಪ್ಪ ಹತ್ತು ವರ್ಷದ ಹಿಂದೆ ತೀರಿಹೋದ ಮೇಲೆ’ ಅಂತ ಪಾತ್ರಗಳು ಒಬ್ಬರಿಗೊಬ್ಬರು ಗೊತ್ತಿರುವುದನ್ನೇ ಹೇಳಿಕೊಳ್ಳುತ್ತಿದ್ದರೆ, ಹಿನ್ನೆಲೆ ಸಂಗೀತ ಬಂದು ‘ಈಗ ಅಳಿ’ ಅಂತ ಹೇಳುತ್ತಿದ್ದರೆ, ಹುಷಾರಾಗಿ. ಮೊದಲ ಎಪಿಸೋಡಿನಲ್ಲಿ ಇದು ಕ್ಷಮಿಸಬಹುದಾದ ದೋಷ. ನಾಲ್ಕನೆಯದರಲ್ಲೂ ಇದ್ದರೆ ಅದು ಹೋಗುವುದಿಲ್ಲ.

## ಹಂತ 6: ನಾಲ್ಕು ದಿನ ಸುಮ್ನೆ ಬಿಡಿ

ಮಾದರಿ ನೋಡಿದ ಮೇಲೆ ನಾಲ್ಕು ದಿನ ಆ ಕಡೆ ಹೋಗಬೇಡಿ. ಐದನೇ ದಿನ ನೋಟ್‌ಬುಕ್ ತೆಗೆಯದೆ ಪಾತ್ರಗಳ ಹೆಸರು ನೆನಪು ಮಾಡಿಕೊಳ್ಳಿ. ಮೂರು ಹೆಸರು, ಒಂದು ದೃಶ್ಯ ನೆನಪಿದ್ದರೆ ಮುಂದುವರಿಯಿರಿ. ‘ಆ ಗಡ್ಡದವನು’, ‘ಆ ಲಾಯರ್’ ಅಂತ ಮಾತ್ರ ಬಂದರೆ ಬಿಟ್ಟುಬಿಡಿ, ಬೇಸರ ಏನೂ ಬೇಡ. ಎಪಿಸೋಡಿನ ಕೊನೆಯ ತಿರುವು ಕೊಡುವ ಜೋಶ್ ಎರಡು ದಿನಕ್ಕೆ ಇಳಿಯುತ್ತದೆ. ಆ ಜೋಶಿನಲ್ಲೇ ಕೊಳ್ಳುವ ಬಟನ್ ಒತ್ತಿಬಿಡುವುದು ಎಲ್ಲರೂ ಮಾಡುವ ತಪ್ಪು.

‘ಇಷ್ಟು ನೋಡಿದ್ದೇನೆ, ಇನ್ನು ಬಿಟ್ಟರೆ ವೇಸ್ಟ್’ ಅನ್ನುವ ಯೋಚನೆಗೂ ಜಾಗ ಕೊಡಬೇಡಿ. ಕಳೆದ ನಾಲ್ಕು ಗಂಟೆ ವಾಪಸ್ ಬರುವುದಿಲ್ಲ, ಮುಂದಿನ ಐವತ್ತು ಗಂಟೆ ಇನ್ನೂ ನಿಮ್ಮ ಕೈಯಲ್ಲಿದೆ.

## ಹಂತ 7: ಈಗ ಕೇಳಿಕೊಳ್ಳಿ, ಕೊಳ್ಳಬೇಕಾ?

ನೋಡಲು ಯೋಗ್ಯ ಅನ್ನುವುದು ಒಂದು ತೀರ್ಮಾನ, ಕೊಳ್ಳಲು ಯೋಗ್ಯ ಅನ್ನುವುದು ಇನ್ನೊಂದು. ನನ್ನ ಅನುಭವದಲ್ಲಿ ಚೆನ್ನಾಗಿರುವ ಸೀರೀಸ್‌ಗಳಲ್ಲೂ ಬಹಳಷ್ಟನ್ನು ಒಂದು ಸಲ ನೋಡಿ ಬಿಟ್ಟರೆ ಸಾಕು. ಕನಿಷ್ಠ ಒಂದು ಸೀಸನ್ ಪೂರ್ತಿ ನೋಡಿ ಮುಗಿಸಿ, ಆಮೇಲೆ ಮಾತ್ರ ಈ ಪ್ರಶ್ನೆಗೆ ಬನ್ನಿ.

ಲೆಕ್ಕ ಸುಲಭ. ಕೊಳ್ಳುವ ಬೆಲೆಯನ್ನು ಒಟ್ಟು ಗಂಟೆಗಳಿಂದ ಭಾಗಿಸಿ. ಅದೇ ಸೀರೀಸನ್ನು ಸಬ್‌ಸ್ಕ್ರಿಪ್ಷನ್ನಿನಲ್ಲಿ ನೋಡಿ ಮುಗಿಸುವುದಕ್ಕೆ ಎಷ್ಟು ತಿಂಗಳು ಬೇಕೋ ಅಷ್ಟು ತಿಂಗಳ ಚಂದಾವನ್ನೂ ಅದೇ ಗಂಟೆಗಳಿಂದ ಭಾಗಿಸಿ. ಒಂದೇ ಸಲ ನೋಡುವುದಾದರೆ ಬಹಳ ಸಲ ಚಂದಾನೇ ಅಗ್ಗ. ಎರಡು ಮೂರು ಸಲ ನೋಡುತ್ತೀರಿ ಅಂತ ಖಾತ್ರಿ ಇದ್ದರೆ ಕೊಳ್ಳುವುದು ಅಗ್ಗವಾಗುತ್ತದೆ. ಹಂತ 5ರಲ್ಲಿ ಬರೆದ ಸಾಲುಗಳು ಈಗ ಉಪಯೋಗಕ್ಕೆ ಬರುತ್ತವೆ, ತೆಗೆದು ಓದಿ.

ಇನ್ನೊಂದು ಕಾರಣಕ್ಕೂ ಕೊಳ್ಳಬಹುದು: ಅದು ಮಾಯವಾಗುವ ಸಾಧ್ಯತೆ. ಸ್ಟ್ರೀಮಿಂಗ್ ಕಂಪನಿ ತಾನೇ ಮಾಡಿದ ಸೀರೀಸ್ ಅಲ್ವಾ, ಎಲ್ಲಿಗೆ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ‘ವೆಸ್ಟ್‌ವರ್ಲ್ಡ್’ ಅಮೆರಿಕದ ಎಚ್‌ಬಿಒ ಚಾನೆಲ್ಲಿನ ಸ್ವಂತ ಸೀರೀಸ್. ಹೀಗಿದ್ದರೂ ಅದನ್ನು 2022ರ ಡಿಸೆಂಬರ್‌ನಲ್ಲಿ ಅದರದೇ ಸ್ಟ್ರೀಮಿಂಗ್ ಸೇವೆಯಾದ ಎಚ್‌ಬಿಒ ಮ್ಯಾಕ್ಸ್‌ನಿಂದ ತೆಗೆದರು. ಡಿಸ್ಕ್ ಇಟ್ಟುಕೊಂಡವರಿಗೆ ಏನೂ ವ್ಯತ್ಯಾಸ ಆಗಲಿಲ್ಲ.

## ಹಂತ 8: ಡಿಸ್ಕಾ, ಡಿಜಿಟಲ್ಲಾ?

ಡಿಜಿಟಲ್ ಅಂಗಡಿಯಲ್ಲಿ ‘ಬೈ’ ಅಂತ ಬಟನ್ ಇದ್ದರೂ ಸಾಮಾನ್ಯವಾಗಿ ನಿಮಗೆ ಸಿಗುವುದು ನೋಡುವ ಲೈಸೆನ್ಸ್ ಮಾತ್ರ. 2023ರ ಡಿಸೆಂಬರ್‌ನಲ್ಲಿ ಸೋನಿ, ಪ್ಲೇಸ್ಟೇಷನ್‌ನಲ್ಲಿ ಜನ ದುಡ್ಡು ಕೊಟ್ಟು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ತೆಗೆಯುವುದಾಗಿ ಹೇಳಿತು. ಗಲಾಟೆ ಆದ ಮೇಲೆ ಆ ತಿಂಗಳೇ ನಿರ್ಧಾರ ವಾಪಸ್ ತೆಗೆದುಕೊಂಡಿತು. ಕ್ಯಾಲಿಫೋರ್ನಿಯಾದಲ್ಲಂತೂ ಇದು ಬರೀ ಲೈಸೆನ್ಸ್ ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು ಅನ್ನುವ ಕಾನೂನು 2025ರಿಂದ ಜಾರಿಯಲ್ಲಿದೆ.

ಜಾಗ ಕಡಿಮೆ ಇದ್ದರೆ, ಪ್ರಯಾಣದಲ್ಲೇ ಹೆಚ್ಚು ನೋಡುವವರಾದರೆ ಡಿಜಿಟಲ್ ಸರಿ. ಹತ್ತು ವರ್ಷ ಇಟ್ಟುಕೊಳ್ಳಬೇಕು ಅನ್ನಿಸಿದ ಸೀರೀಸ್ ಆದರೆ ಡಿಸ್ಕ್ ತಗೊಳ್ಳಿ.

## ಹಂತ 9: ಯಾವ ಆವೃತ್ತಿ ಅಂತ ಪರೀಕ್ಷಿಸಿ

ಸೀರೀಸ್ ಸರಿಯಾಗಿ ಆರಿಸಿ ಆವೃತ್ತಿ ತಪ್ಪಿದರೆ ಪಟ್ಟ ಕಷ್ಟ ಎಲ್ಲಾ ನೀರಿನಲ್ಲಿ ಹೋಮ. ದುಡ್ಡು ಕೊಡುವ ಮುಂಚೆ ಇವನ್ನು ನೋಡಿ.

ರೀಜನ್ ಕೋಡ್: ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅಂತ ಹಾಕುವ ಬೀಗ ಇದು. ಡಿವಿಡಿ ಡಬ್ಬದ ಹಿಂಭಾಗದಲ್ಲಿ ಭೂಮಿಯ ಚಿತ್ರದೊಳಗೆ ಒಂದು ಅಂಕಿ ಇರುತ್ತದೆ. 1 ಅಂದರೆ ಅಮೆರಿಕ ಮತ್ತು ಕೆನಡಾ, 2 ಯುರೋಪ್ ಮತ್ತು ಜಪಾನ್, 4 ಆಸ್ಟ್ರೇಲಿಯಾ ಮತ್ತು ಲ್ಯಾಟಿನ್ ಅಮೆರಿಕ, 5 ಭಾರತ, ರಷ್ಯಾ ಮತ್ತು ಆಫ್ರಿಕಾದ ಬಹುಪಾಲು. ಬ್ಲೂ-ರೇಯಲ್ಲಿ ಎ, ಬಿ, ಸಿ ಅಂತ ಮೂರೇ. 4ಕೆ ಡಿಸ್ಕ್‌ಗಳಿಗೆ ಈ ಬೀಗ ಇಲ್ಲ, ಆದರೆ ಅದೇ ಡಬ್ಬದಲ್ಲಿ ಬರುವ ಬ್ಲೂ-ರೇಗೆ ಇರಬಹುದು. ಬರೆದಿಟ್ಟ ಮಾಡೆಲ್ ನಂಬರ್ ಇಟ್ಟುಕೊಂಡು ನಿಮ್ಮ ಪ್ಲೇಯರ್ ಯಾವುದನ್ನು ಓದುತ್ತದೆ ಅಂತ ನೋಡಿಕೊಳ್ಳಿ.

ಪಾಲ್ ಅಥವಾ ಎನ್‌ಟಿಎಸ್‌ಸಿ: ಇವು ಬೇರೆ ಬೇರೆ ದೇಶಗಳಲ್ಲಿದ್ದ ಟಿವಿ ಚಿತ್ರದ ಎರಡು ಪದ್ಧತಿ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದ ಸೀರೀಸನ್ನು ಪಾಲ್ ಡಿವಿಡಿಯಲ್ಲಿ ಸಾಮಾನ್ಯವಾಗಿ 25ರಲ್ಲಿ ಓಡಿಸುತ್ತಾರೆ. ಹಾಗಾಗಿ ಅದು ಸುಮಾರು 4 ಪರ್ಸೆಂಟ್ ಬೇಗ ಮುಗಿಯುತ್ತದೆ, ದನಿ ಸರಿಪಡಿಸದಿದ್ದರೆ ಸ್ವಲ್ಪ ಕೀರಲಾಗುತ್ತದೆ. ಸೂಕ್ಷ್ಮ ಕಿವಿ ಇದ್ದವರಿಗೆ ಕಿರಿಕಿರಿ. 43 ನಿಮಿಷದ ಎಪಿಸೋಡ್ 41 ನಿಮಿಷ ಅಂತ ಇದ್ದರೆ ಏನೋ ಕತ್ತರಿಸಿದ್ದಾರೆ ಅಂತ ಹೆದರಬೇಡಿ, ಕಾರಣ ಇದೇ ಇರಬಹುದು.

ಚಿತ್ರದ ಅಳತೆ: ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ ಹಳೆಯ ಟಿವಿಯಲ್ಲಿ 4:3, ಈಗಿನದರಲ್ಲಿ 16:9. ‘ದ ವೈರ್’ ಮೊದಲು 4:3ರಲ್ಲಿ ಪ್ರಸಾರವಾದದ್ದು. 2014ರಲ್ಲಿ ಅದನ್ನು ಹೈ ಡೆಫಿನಿಷನ್ ಮಾಡುವಾಗ 16:9ಕ್ಕೆ ತಂದರು. ಡಿವಿಡಿಯಲ್ಲಿ ಒಂದು ರೀತಿ, ಬ್ಲೂ-ರೇಯಲ್ಲಿ ಇನ್ನೊಂದು ರೀತಿ ಕಾಣುತ್ತದೆ. ಮೂಲದಲ್ಲಿ ಹೇಗಿತ್ತೋ ಹಾಗೇ ಇರುವುದು ನನಗೆ ಇಷ್ಟ, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೂ ಚಿಂತೆ ಇಲ್ಲ.

ಸಂಗೀತ: ಪ್ರಸಾರಕ್ಕೆ ಹಾಡಿನ ಹಕ್ಕು ತೆಗೆದುಕೊಂಡಿರುತ್ತಾರೆ, ಡಿಸ್ಕಿಗೆ ತೆಗೆದುಕೊಂಡಿರುವುದಿಲ್ಲ. ಆಗ ಹಾಡು ಬದಲಾಗುತ್ತದೆ. ‘ನಾರ್ದರ್ನ್ ಎಕ್ಸ್‌ಪೋಷರ್’ ಡಿವಿಡಿಗಳಲ್ಲಿ ಹೀಗೆ ಎಷ್ಟೋ ಹಾಡು ಬದಲಾಗಿವೆ. ಹಾಡಿನ ಮೇಲೇ ನಿಂತ ದೃಶ್ಯ ಇರುವ ಸೀರೀಸ್ ಆದರೆ ಇದನ್ನು ವಿಚಾರಿಸದೆ ಕೊಳ್ಳಬೇಡಿ.

ಸಬ್‌ಟೈಟಲ್ ಇದೆಯಾ, ಯಾವ ಭಾಷೆ ಅನ್ನುವುದನ್ನು ಡಬ್ಬದ ಫೋಟೋ ದೊಡ್ಡದು ಮಾಡಿ ಓದಿ. ‘ಕಂಪ್ಲೀಟ್’ ಅನ್ನುವ ಮಾತನ್ನು ನಂಬದೆ ಎಪಿಸೋಡ್ ಎಣಿಸಿ. ‘ಕಂಪ್ಲೀಟ್ ಫಸ್ಟ್ ಸೀಸನ್’ ಅಂದರೂ ಅದರಲ್ಲಿ ‘ಕಂಪ್ಲೀಟ್’ ಇರುತ್ತದೆ.

## ಹಂತ 10: ಮನೆಗೆ ಬಂದ ವಾರವೇ ತಪಾಸಣೆ ಮಾಡಿ

ಇದನ್ನು ನಾನು ಕಷ್ಟಪಟ್ಟು ಕಲಿತೆ. ಸೆಕೆಂಡ್ ಹ್ಯಾಂಡ್ ಸೆಟ್ ಒಂದನ್ನು ತರಿಸಿ ಮೊದಲ ಡಿಸ್ಕ್ ಮಾತ್ರ ಹಾಕಿ ನೋಡಿದೆ, ಚೆನ್ನಾಗಿ ಓಡಿತು. ಎರಡು ತಿಂಗಳ ಮೇಲೆ ಮೂರನೇ ಡಿಸ್ಕಿನಲ್ಲಿ, ಒಂಬತ್ತನೇ ಎಪಿಸೋಡಿನ 31ನೇ ನಿಮಿಷಕ್ಕೆ, ನಾಯಕಿ ಬಾಗಿಲು ತೆರೆಯುವಾಗ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಅಷ್ಟರಲ್ಲಿ ವಾಪಸ್ ಕೊಡುವ ದಿನ ದಾಟಿ ಹೋಗಿತ್ತು, ಮಾರಿದವರು ಉತ್ತರ ಕೊಡಲಿಲ್ಲ.

ಆದ್ದರಿಂದ ಬಂದ ವಾರವೇ ಎಲ್ಲಾ ಡಿಸ್ಕ್ ತೆಗೆಯಿರಿ. ಅಂಚು ಹಿಡಿದು, ಬೆಳಕಿಗೆ ಓರೆ ಮಾಡಿ ಕೆಳಭಾಗ ನೋಡಿ. ಒಳಗಿನಿಂದ ಹೊರಗೆ ಹೋಗುವ ಗೀರು ಅಷ್ಟು ಅಪಾಯ ಅಲ್ಲ. ಡಿಸ್ಕಿನ ಸುತ್ತು ಹಿಡಿದು ಹೋಗುವ ಗೀರು ಕೆಟ್ಟದ್ದು, ಯಾಕೆಂದರೆ ದತ್ತಾಂಶವೂ ಅದೇ ದಾರಿಯಲ್ಲಿ ಸುತ್ತಿಕೊಂಡಿರುತ್ತದೆ. ಲೇಬಲ್ ಕಡೆಯಿಂದ ದೀಪಕ್ಕೆ ಹಿಡಿದಾಗ ಸೂಜಿಯ ಮೊನೆಯಷ್ಟು ಬೆಳಕು ತೂರಿ ಬಂದರೆ ಒಳಗಿನ ಪದರ ಹಾಳಾಗಿರಬಹುದು. ಆಮೇಲೆ ಪ್ರತಿ ಡಿಸ್ಕನ್ನೂ ಹಾಕಿ, ಪ್ರತಿ ಎಪಿಸೋಡಿನ ಶುರು, ನಡು, ಕೊನೆಗೆ ಹಾರಿ ಹತ್ತು ಹತ್ತು ಸೆಕೆಂಡ್ ಓಡಿಸಿ. ಸದ್ದು ಪೂರ್ತಿ ತೆಗೆದು, ಟಿವಿಯ ಮೇಲಿನ ಭಾಗವನ್ನು ಒಂದು ಬಟ್ಟೆಯಿಂದ ಮರೆ ಮಾಡಿದರೆ ಕಥೆಯ ಗುಟ್ಟೂ ಉಳಿಯುತ್ತದೆ: ಕೆಳಗಿನ ಒಂದು ಗೇಣು ಮಾತ್ರ ಕಾಣುವ ಹಾಗೆ ಬಿಡಿ, ಚಿತ್ರ ಒಡೆದರೆ ಬಹಳ ಸಲ ಅಲ್ಲೂ ಕಾಣುತ್ತದೆ. ಆರು ಡಿಸ್ಕಿನ ಸೆಟ್ಟಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಬಿಲ್ಲನ್ನು ಡಬ್ಬದೊಳಗೇ ಇಡಿ. ವಾಪಸ್ ಕೊಡುವ ಕೊನೆಯ ತಾರೀಕನ್ನು ಆ ಬಿಲ್ಲಿನ ಮೇಲೆ ಪೆನ್ನಿನಲ್ಲಿ ಬರೆದು, ಫೋನಿನಲ್ಲಿ ಎರಡು ದಿನ ಮುಂಚೆ ಅಲಾರಂ ಇಟ್ಟುಕೊಳ್ಳಿ.